ಕಾಕಾನ ದನಿ ಕದ್ದದ್ದು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ತುಂಬಿದ ಚರ್ಚಿನಲ್ಲಿ ನಮ್ಮ ಹಾಡಿನ ತಂಡವನ್ನು ತಪ್ಪು ಸ್ವರಕ್ಕೆ ಎಳೆದ ಮಂಗ ನಾನೇ. ಮೊನ್ನೆ ಹಳೆಯ ಟ್ರಂಕು ತೆರೆದಾಗ ನುಸಿಗುಳಿಗೆಯ ವಾಸನೆ ಮೂಗಿಗೆ ಅಡರಿತು. ಹನ್ನೆರಡರ ವಯಸ್ಸಿನಲ್ಲಿ ನನ್ನ ಹೆಗಲಿಂದ ಜಾರುತ್ತಿದ್ದ ಬಿಳಿಯ ನಿಲುವಂಗಿ, ಅದರ ಜೇಬಿನಲ್ಲಿ ಆನಂದ ಕಾಕಾನ ಟ್ಯೂನಿಂಗ್ ಫೋರ್ಕು, ಬಡಿದರೆ ಒಂದೇ ಸ್ವರ ಮಿಡಿಯುವ ಉಕ್ಕಿನ ಕವೆ. ಕೇಶ್ವಾಪುರದ ಅವರ ಮನೆ ಇದ್ದಲ್ಲಿ ಈಗ ನಾಲ್ಕಂತಸ್ತಿನ ಕಟ್ಟಡ. ಕಾಕಾ ಇಲ್ಲ, ಅವರ ಹೆಂಡತಿ ಕಾಕೂನೂ ಇಲ್ಲ. ನಿಮಗೂ ಅಂಥದೊಂದು ಮನೆ ಇದ್ದಿದ್ದರೆ ಗೊತ್ತಿರುತ್ತದೆ, ಮೊದಲು ವಾಸನೆ ಬರುತ್ತದೆ, ಆಮೇಲೆ ಮಂದಿ.

ಆ ಮನೆಯ ಪಡಸಾಲೆಯಲ್ಲಿ, ಶುಂಠಿ ಕಷಾಯದ ಘಾಟಿನ ನಡುವೆ, ಒಂಬತ್ತು ಮಂದಿ ನಾಲ್ಕು ದನಿಗಳಲ್ಲಿ ಕೀರ್ತನೆಗಳನ್ನು ಕಲಿಯುತ್ತಿದ್ದೆವು. ಈಸ್ಟರ್‌ಗೆ ಮುಂಚಿನ ವಾರಗಳಲ್ಲಿ ಒಂದೊಂದು ಚರ್ಚಿನಲ್ಲಿ ನಮ್ಮ ಹಾಡು. ವಾದ್ಯವಿಲ್ಲ. ಕಾಕಾ ಫೋರ್ಕನ್ನು ಮೊಣಕಾಲಿಗೆ ಬಡಿದು, ಕಿವಿಗೆ ಹಿಡಿದು, ಕಣ್ಣು ಮುಚ್ಚಿ ಒಂದು ಸ್ವರ ಗುನುಗುತ್ತಿದ್ದರು; ಎಲ್ಲರೂ ಅದನ್ನೇ ಹಿಡಿದು ಹಾಡು ಎತ್ತಿಕೊಳ್ಳಬೇಕು. ಕಷಾಯದ ಚಮಚ ಬಡಿದು ನಾನೂ ಹಾಗೇ, ಅವರ ದನಿ ತೆಗೆದು ಗುನುಗಿದರೆ ಕಾಕೂ ಅಡುಗೆಮನೆಯಿಂದ, "ಬರ್ರಿ, ಕಷಾಯ ಆರಾಕತ್ತೇತಿ" ಎಂದು ಗಂಡನನ್ನು ಕರೆಯುವರು, ಹೊರಬಂದು ನನ್ನನ್ನು ಕಂಡು, "ಹೋಗಲೇ ಮಂಗ್ಯಾ!" ಎನ್ನುವರು. ಮಂದ್ರ ದನಿಯ ಎಡ್ವರ್ಡ್ ಮಾಸ್ತರರ ಕೆಮ್ಮು, ಒಡೆಯತೊಡಗಿದ್ದ ನನ್ನದೇ ಗಂಟಲು, ಯಾವುದನ್ನೂ ನಾನು ಅಣಕಿಸದೆ ಬಿಟ್ಟವನಲ್ಲ. ಆ ವರ್ಷ ಕಾಕಾನ ಸ್ವರ ಒಂಚೂರು ಕೆಳಗೆ ಜಾರುತ್ತಿತ್ತು. ನೆಗಡಿ ಇರಬೇಕೆಂದುಕೊಂಡಿದ್ದೆವು.

ಕೊನೆಗೆ ಎರಡೇ ಕಛೇರಿ ಉಳಿದಿದ್ದವು. ಶನಿವಾರ ಸಂಜೆ ಗೋಕುಲ ರಸ್ತೆಯ ಚರ್ಚು. ಕಾಕಾ ಗುನುಗಿದರು. ಅವರ ಪಕ್ಕದಲ್ಲೇ ನಿಂತಿದ್ದ ನನಗೆ ನಾಲಗೆ ತುರಿಸಿತು. ತಲೆ ತಗ್ಗಿಸಿ, ಅವರದೇ ದನಿಯಲ್ಲಿ, ಎರಡು ಸ್ವರ ಮೇಲಕ್ಕೆ ಗುನುಗಿದೆ. ತಂಡವೆಲ್ಲ ನನ್ನದನ್ನೇ ಹಿಡಿಯಿತು. ಈಗ ಕೈಯೆತ್ತಿ ನಿಲ್ಲಿಸುತ್ತಾರೆ, ಕಣ್ಣು ಕೆಕ್ಕರಿಸುತ್ತಾರೆ ಎಂದು ಕಾದೆ. ಕಾಕಾ ನಿಲ್ಲಿಸಲಿಲ್ಲ. ಹಾಡು ಏರಿದಂತೆ, ಮೇಲಿನ ದನಿ ಹಾಡುವ ಶಾಂತಾ ಅತ್ತಿಯ ಕತ್ತಿನ ನರ ಉಬ್ಬಿತು. ತುತ್ತತುದಿಯಲ್ಲಿ ಅವರ ದನಿ ಹರಿದೇಹೋಯಿತು. ಕಾಕಾ ಮಾತ್ರ ಹಾಯಾಗಿ ನಗುತ್ತ ಕೈಯಾಡಿಸುತ್ತಲೇ ಇದ್ದರು. ಅವರಿಗೆ ಕೇಳಿಸುತ್ತಿರಲಿಲ್ಲ. ಅದು ಆ ಗಳಿಗೆಯಲ್ಲಿ ಎಲ್ಲರಿಗೂ ತಿಳಿಯಿತು, ತಿಳಿಸಿದವನು ನಾನು.

ಪಡಸಾಲೆಗೆ ಮರಳಿದೆವು. ಕಷಾಯ ಯಾರೂ ಮುಟ್ಟಲಿಲ್ಲ. ಮರುದಿನ ಧಾರವಾಡದಲ್ಲಿ ಕೊನೆಯ ಕಛೇರಿ, ಕಾಕಾ ಹುಡುಗನಾಗಿ ಹಾಡು ಕಲಿತ ಚರ್ಚಿನಲ್ಲಿ. ಮಾಸ್ತರರು ಕಾಕೂನತ್ತ ಬಾಗಿ, "ನಾಳೆ ಅವರನ್ನ ಮುಂದ ನಿಲ್ಲಸೂದು ಹ್ಯಾಂಗ್ರಿ?" ಎಂದರು. ಕಾಕೂ ಸೆರಗಿನ ಅಂಚನ್ನು ಸುತ್ತುತ್ತ ಕುಳಿತರು. ಕಾಕಾ ಒಬ್ಬೊಬ್ಬರ ಬಾಯನ್ನೇ ನೋಡುತ್ತಿದ್ದರು. ಎಷ್ಟು ದಿನದಿಂದ ಹಾಗೆ ನೋಡುತ್ತಿದ್ದರೋ; ಎಲ್ಲರ ಚಾಳಿ ಬಲ್ಲ ನಾನು ಅದೊಂದನ್ನು ಗಮನಿಸಿರಲಿಲ್ಲ.

ಅವರೆದುರು ನಿಂತು, ತುಟಿ ಬಿಡಿಸಿ ಬಿಡಿಸಿ ಹೇಳಿದೆ: "ಕಾಕಾ, ನಿಮ್ಮ ದನಿ ತಗದು ತಪ್ಪು ಸ್ವರಾ ಕೊಟ್ಟಾಂವ ನಾನ ರೀ."

ಮಾಸ್ತರರು ಎದ್ದೇಬಿಟ್ಟರು. "ಇಂವನ್ನ ಮೊದಲ ಹೊರಗ ಹಾಕ್ರಿ!"

ಕಾಕಾ ಅವರ ಬಾಯನ್ನೂ ಓದಿದರು. ಆಮೇಲೆ ಫೋರ್ಕನ್ನು ನನ್ನ ನಿಲುವಂಗಿಯ ಜೇಬಿಗೆ ಇಳಿಸಿ ಅಂದರು:

"ಇಂವನ್ನ ಹೊರಗ ಹಾಕಿದ್ರ, ನಾಳೆ ನನ್ನ ದನ್ಯಾಗ ಖರೇ ಸ್ವರಾ ಯಾರು ಕೊಡ್ತಾರ್ರಿ, ಮಾಸ್ತರ?"