ತೇಲಿ ಬಂದ ನೀಲಿ ಚೂರು

ಅಂಗಡಿಯಲ್ಲಿ ಬಿದ್ದ ಸೂಜಿ ಹುಡುಕುವುದು ಟೈಲರ್‌ಗೆ ಲೆಕ್ಕಕ್ಕಿಲ್ಲದ ಕೆಲಸ. ದಾರಕ್ಕೆ ಅಯಸ್ಕಾಂತ ಕಟ್ಟಿ ನೆಲದ ಮೇಲೆ ಎಳೆದರೆ ಒಂದೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ಮೂವತ್ತು ವರ್ಷ ಹಾಗೆ ಗೆದ್ದವನು ಈಗ ಹಿತ್ತಲಿನ ಪ್ಲಾಸ್ಟಿಕ್ ಚೂರುಗಳ ಮುಂದೆ ಸೋತು ಕೂತಿದ್ದ.

ಅದು ಅವನದೇ ಕರಾಮತ್ತು. ಎರಡು ವರ್ಷದ ಹಿಂದೆ, ಕಳೆ ಏಳದಿರಲಿ ಎಂದು ಅಕ್ಕನ ಹೂಪಾತಿಗಳ ಸುತ್ತ ನೀಲಿ ಟಾರ್ಪಾಲು ಹಾಸಿದ್ದ. ಬಿಸಿಲಿಗೆ ಬೆಂದ ಅದು ಎತ್ತಲು ಹೋದರೆ ಕೈಯಲ್ಲೇ ಚೂರಾಗಿ ಉದುರಿ, ಪಾತಿಗಳ ಮಣ್ಣಿಗೂ ಬೆರೆಯಿತು. ಹೋದ ವಾರ ಅಂಬೆಗಾಲಿಡುವ ಮೊಮ್ಮಗಳು ಒಂದು ಚೂರು ಬಾಯಿಗೆ ಹಾಕಿಕೊಂಡು, ಉಸಿರು ಕಟ್ಟಿ, ಮುಖ ಕಪ್ಪಿಟ್ಟಿತ್ತು. ಮಗಳು ಬೆರಳು ಹಾಕಿ ತೆಗೆದಳು.

"ಅಪ್ಪ, ಇದೆಲ್ಲ ಹೋಗೋವರೆಗೂ ಮಗೂನ ಇಲ್ಲಿಗೆ ಕರ್ಕೊಂಡು ಬರಲ್ಲ," ಅಂದಳು. ಪಕ್ಕದ ಬೀದಿಯಲ್ಲಿದ್ದರೂ ಬರಲಿಲ್ಲ.

ಅಕ್ಕ ಕಿಟಕಿಯ ಬಳಿ ಮಂಚ ಹಿಡಿದಿದ್ದಳು. ಬಿದ್ದು ಸೊಂಟ ಮುರಿದ ಮೇಲೆ ಹಿತ್ತಲಿಗೆ ಇಳಿದವಳಲ್ಲ. ಚೆಂಡುಹೂವಿನ ಆ ತಳಿ ಅವರಮ್ಮನ ಕಾಲದ್ದು. ಬೀಜವನ್ನು ಅಕ್ಕ ಎತ್ತಿಡುತ್ತಿರಲಿಲ್ಲ. ಒಣಗಿದ ಹೂವನ್ನು ಅಂಗೈಯಲ್ಲಿ ತಿಕ್ಕಿ ಪಾತಿಗೇ ಉದುರಿಸಿ, "ಮಣ್ಣೇ ನನ್ನ ಡಬ್ಬಿ" ಅನ್ನುವಳು. ಬೀಳುವ ಹಿಂದಿನ ದಿನವೂ ಉದುರಿಸಿದ್ದಳು.

"ಗುಂಡಿ ಹೊಲಿಯೋ ಹಾಗೆ ಒಂದೊಂದೇ ಹೆಕ್ತಾ ಇದ್ದೀಯಲ್ಲೋ," ಅಂದಳು. "ಮೊಮ್ಮಗಳ ಮದುವೆ ಹೊತ್ತಿಗೆ ಮುಗಿಯುತ್ತೆ ಬಿಡು."

"ನೀನೊಂದು ಉಪಾಯ ಹೇಳು ಮತ್ತೆ."

"ಇಲ್ಲಿಂದ ನಿನ್ನ ಬೆನ್ನು ಬಿಟ್ರೆ ಏನೂ ಕಾಣಲ್ಲ. ಬೆನ್ನು ನೋಡಿ ಏನು ಹೇಳ್ಲಿ?"

ಮಾತ್ರೆಯ ಮಂಪರಿನಲ್ಲಿ ಅವಳು ಮಲಗಿದ ಮೇಲೆ ಅವನಿಗೇ ಹೊಳೆಯಿತು. ಮೇಲ್ಮಣ್ಣು ಕೆರೆದು ಬಕೆಟ್ ನೀರಿಗೆ ಸುರಿದು ಕಲಕಿದ. ಮಣ್ಣು ತಳ ಸೇರಿತು, ನೀಲಿ ಮೇಲೆ ತೇಲಿತು. ಟೀ ಸೋಸುವ ಜರಡಿಯಲ್ಲಿ ಬಾಚಿದ. ಜೊತೆಗೆ ಒಣ ಕಡ್ಡಿ, ಕೂದಲಿನಷ್ಟು ತೆಳ್ಳಗಿನ ಕಪ್ಪು ಎಳೆಗಳು ಬಂದವು. ಕಸವೆಂದು ಅವನ್ನೂ ಚೀಲಕ್ಕೆ ತುಂಬಿದ. ನಾಲ್ಕು ಮಧ್ಯಾಹ್ನಗಳಲ್ಲಿ ಒಂದು ಪಾತಿಯನ್ನೂ ಬಿಡಲಿಲ್ಲ. ಚೀಲ ಕಸದ ಗಾಡಿ ಏರಿತು.

ಮಗು ಮತ್ತೆ ಬರತೊಡಗಿತು. ಒಂದು ಮಳೆಯೂ ಬಿದ್ದು, ವಾರ ಕಳೆಯಿತು.

"ಮೊಳಕೆ ಬಂದಿರ್ಬೇಕು, ನೋಡೋ," ಅಂದಳು ಅಕ್ಕ.

ಅವನು ಹೋಗಿ ನೋಡಿದ. ಪಾತಿಗಳು ಒರೆಸಿಟ್ಟ ಹಾಗೆ ಬೋಳಾಗಿದ್ದವು. ಜರಡಿಯಲ್ಲಿದ್ದ ಕಪ್ಪು ಎಳೆಗಳು ಆಗ ನೆನಪಾದವು. ಒಳಗೆ ಬಂದ.

"ಅಕ್ಕ, ಬೀಜಾನೂ ತೇಲುತ್ತೆ ಅಂತ ನನಗೆ ಹೊಳೀಲಿಲ್ಲ. ಚೂರಿನ ಜೊತೆ ನಾನೇ ಬಾಚಿ ಕಳಿಸ್ಬಿಟ್ಟೆ."

"ಎಲ್ಲಾನೂ?"

"ಎಲ್ಲಾನೂ."

ಹಿತ್ತಲಲ್ಲಿ ಮಗು ಏನೋ ತನ್ನಷ್ಟಕ್ಕೆ ಗುನುಗುತ್ತಿತ್ತು.

"ಅದೇನು ಮಾಡ್ತಿದೆ?"

"ಮಣ್ಣು ತಿಂತಿದೆ."

"ತಿನ್ನಲಿ," ಅಂದಳು. ಗೋಡೆಯ ಕಡೆ ಹೊರಳಲು ನೋಡಿದಳು, ಸೊಂಟ ಬಿಡಲಿಲ್ಲ. ತಮ್ಮನೇ ಬಗ್ಗಿ, ಎರಡೂ ಕೈಕೊಟ್ಟು, ಅವಳನ್ನು ಆ ಕಡೆಗೆ ಹೊರಳಿಸಿದ.