ಎಂಬತ್ತನಾಲ್ಕನೇ ಕಾಲು

ಜಲಜಮ್ಮನವರು ಡಬ್ಬಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸುವಾಗ ನಾನು ಉಸಿರು ಬಿಡುತ್ತಿರಲಿಲ್ಲ. ಗಾಂಧಿ ಬಜಾರಿನಲ್ಲಿ ತೆಂಗಿನಕಾಯಿ ಆರಿಸುವವರ ಹಾಗೆ ಕಣ್ಣು ಮುಚ್ಚಿ, ತಲೆ ಓರೆ ಮಾಡಿ ಕೇಳುತ್ತಿದ್ದರು. ಕಾಯಿಯಾದರೆ ಸದ್ದು ಬರಬೇಕು. ನಮ್ಮ ಡಬ್ಬಿಯಲ್ಲಿ ಬರಬಾರದು. ಒಳಗೆ ಏನಾದರೂ ಟಿಕ್ ಅಂದರೆ, "ಮಾತಾಡ್ತಿದೆ. ಬಿಚ್ಚು" ಅನ್ನುವರು. ಅಷ್ಟೇ. ಎರಡು ದಿನದ ಕೆಲಸ ಮಣ್ಣು.

ವಿಮಾನದೊಳಗೆ ಕೂರುವ ಎಲೆಕ್ಟ್ರಾನಿಕ್ ಡಬ್ಬಿಗಳು ಅವು. ಇವತ್ತು ನಾಲ್ಕು ದೇಶದಲ್ಲಿರುವ ನಮ್ಮ ಕಂಪನಿ ತೊಂಬತ್ತರ ದಶಕದ ಮೊದಲಲ್ಲಿ ಚಾಮರಾಜಪೇಟೆಯ ಒಂದು ಬಾಡಿಗೆ ಮನೆಯಲ್ಲಿತ್ತು. ನಡುಮನೆಯಲ್ಲಿ ಏಳು ಮೇಜು, ದೇವರಮನೆಯಲ್ಲಿ ಸ್ಟೋರು, ಅಡುಗೆಕಟ್ಟೆಯ ಮೇಲೆ ಜಲಜಮ್ಮನವರ ತಪಾಸಣೆ. ಸರ್ಕಾರಿ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಇದೇ ಕೆಲಸ ಮಾಡಿ ಬಂದವರು. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು, ಅಪ್ಪನ ಜೊತೆ ತರಕಾರಿ ಗಾಡಿ ತಳ್ಳಿ, ಬಳೇಪೇಟೆಯಲ್ಲಿ ರೇಡಿಯೋ ರಿಪೇರಿ ಕಲಿತು ಬಂದವನು. ಆದರೆ ನನ್ನ ಬೆಸುಗೆಯನ್ನು ನೋಡಿ ಇಂಜಿನಿಯರುಗಳೇ ಬಾಯಿ ಮುಚ್ಚಿಕೊಂಡಿದ್ದಾರೆ. ಇದು ಜಂಬವಲ್ಲ, ಇದ್ದದ್ದು.

ಆಕೆ ದಿನಾ ಬೆಳಿಗ್ಗೆ ಗಾಜಿನ ಬಳೆಗಳನ್ನು ಬಿಚ್ಚಿ ಬಾಗಿಲ ಮೊಳೆಗೆ ಹಾಕಿ ಒಳಗೆ ಬರುತ್ತಿದ್ದರು. ಬಳೆಚೂರು ಡಬ್ಬಿಯೊಳಗೆ ಬೀಳಬಾರದಲ್ಲ. ಎದುರುಮನೆ ಅಜ್ಜಿ ಒಂದಿನ ತಡೆದೇಬಿಟ್ಟರು. "ಮುತ್ತೈದೆ ಹಿಂಗೆ ಬರಿಗೈಲಿ ಇರ್ತಾರೇನಮ್ಮಾ?"

"ಮೇಲೆ ವಿಮಾನ ಹಾರಿಸೋನ ಹೆಂಡ್ತೀಗೂ ಕೈತುಂಬ ಬಳೆ ಇದಾವಲ್ಲ ಅಜ್ಜಿ, ಅದಕ್ಕೇ" ಅಂದು ಒಳಗೆ ಬಂದರು. ಅಲ್ಲಿಯವರೆಗೆ ನಾನು ಆ ಮನುಷ್ಯನನ್ನು ನೆನೆಸಿಕೊಂಡೇ ಇರಲಿಲ್ಲ.

ಬೆಸುಗೆ ಹಾಕಿದ ಮೇಲೆ ಬಿಡಿಭಾಗಗಳ ತಂತಿಕಾಲುಗಳ ತುದಿ ಕತ್ತರಿಸುತ್ತೇವೆ. ಅಕ್ಕಿಕಾಳಿಗಿಂತ ಸಣ್ಣ ಚೂರು. ಅದೊಂದು ಒಳಗೆ ಉಳಿದು ಎರಡು ಕಡೆ ತಾಗಿದರೆ ಶಾರ್ಟ್ ಸರ್ಕ್ಯೂಟ್, ಮುಗಿಯಿತು. ಅದಕ್ಕೇ ಜಲಜಮ್ಮನವರ ಕಾನೂನು: ಎಷ್ಟು ಕಾಲು ಕತ್ತರಿಸಿದೆಯೋ ಅಷ್ಟೂ ಸ್ಟೀಲ್ ಬಟ್ಟಲಲ್ಲಿ ತೋರಿಸಬೇಕು. "ಕೋಳಿ ಸಾಕಿದೋರೂ ಇಷ್ಟು ಕಾಲು ಎಣಿಸಲ್ಲ ಬಿಡು ಗುರು" ಎಂದು ಪಕ್ಕದ ಮೇಜಿನ ನಾಗರಾಜ ಗೊಣಗುತ್ತಿದ್ದ. ಎಣಿಸಿದ ಮೇಲೆ ಮಾಡಿದವನ ನಂಬರಿನ ಸ್ಟ್ಯಾಂಪು, ಅದರ ಪಕ್ಕ ಆಕೆಯದು.

ಪರದೇಶದ ದೊಡ್ಡ ಕಂಪನಿಯೊಂದು ನಮಗೆ ಮೊದಲ ಸಲ ಹನ್ನೆರಡು ಡಬ್ಬಿ ಮಾಡಲು ಕೊಟ್ಟಿತು. ಪಾಸಾದರೆ ಮುಂದೆ ಕೆಲಸವೇ ಕೆಲಸ, ಇಲ್ಲದಿದ್ದರೆ ಬಾಗಿಲು ಮುಚ್ಚುವುದೇ ಎಂದು ಯಜಮಾನರು ಪ್ರಭಾಕರ್ ಹೇಳಿಬಿಟ್ಟಿದ್ದರು. ಕೊನೆಯ ಡಬ್ಬಿ ನನ್ನದು. ಎಂಬತ್ತನಾಲ್ಕು ಕಾಲು ಇರಬೇಕು. ಎಣಿಸಿದರೆ ಎಂಬತ್ತಮೂರು. ಮೂರು ಸಲ ಎಣಿಸಿದೆ. ನಾಗರಾಜನ ಬಟ್ಟಲಿನ ಲೆಕ್ಕ ಆಗಲೇ ಮುಗಿದು ಅದು ಪಕ್ಕದಲ್ಲಿತ್ತು. ಅದರಿಂದ ಒಂದು ಚೂರು ತೆಗೆದು ನನ್ನದಕ್ಕೆ ಹಾಕಿದೆ.

ಜಲಜಮ್ಮ ಎಣಿಸಿದರು, ಸರಿಹೋಯಿತು. ಡಬ್ಬಿ ಅಲ್ಲಾಡಿಸಿದರು, ಸದ್ದಿಲ್ಲ. ಸ್ಟ್ಯಾಂಪು ಒತ್ತಿದರು.

ಮನೆಗೆ ಹೋದೆ. ಮಲಗಿಯೂ ಎಂಬತ್ತಮೂರೇ ಎಣಿಸುತ್ತಿದ್ದೆ. ಬೆಳಿಗ್ಗೆ ಹತ್ತಕ್ಕೆ ಡಬ್ಬಿ ಒಯ್ಯಲು ವ್ಯಾನು ಬರುವುದಿತ್ತು. ಆರೂವರೆಗೇ ಗವಿಪುರದಲ್ಲಿ ಆಕೆಯ ಮನೆ ಮುಂದೆ ನಿಂತಿದ್ದೆ. ರಂಗೋಲಿ ಹಾಕುತ್ತಿದ್ದರು. ಹೇಳಿದೆ. ಎದ್ದು ಕೆನ್ನೆಗೆ ಬಾರಿಸುತ್ತಾರೆ ಅಂದುಕೊಂಡಿದ್ದೆ. ಆಕೆ ಕೂತಲ್ಲೇ ಕೂತರು. ಬೆರಳ ಸಂದಿಯಿಂದ ಪುಡಿ ಒಂದೇ ಕಡೆ ಸುರಿದು ಗುಡ್ಡೆಯಾಯಿತು.

"ಅಲ್ಲಾಡಿಸಿದಾಗ ಸದ್ದು ಬರಲಿಲ್ಲವಲ್ಲಮ್ಮ" ಅಂದೆ, ಧೈರ್ಯಕ್ಕೆ.

"ಬೆಸುಗೆಯ ಅಂಟಿಗೆ ಸಿಕ್ಕೊಂಡಿದ್ರೆ ಎಲ್ಲಿಂದ ಬರುತ್ತೋ ಸದ್ದು? ಮೇಲೆ ಹೋಗಿ ವಿಮಾನ ನಡುಗಿದಾಗ ಬಿಡುತ್ತೆ." ಆಕೆ ಪುಡಿಯ ಗುಡ್ಡೆಯನ್ನೇ ನೋಡುತ್ತಿದ್ದರು. "ನನ್ನ ಸ್ಟ್ಯಾಂಪೂ ಬಿದ್ದಿದೆ ಕಣೋ ಲೋಕೇಶ, ಅದರ ಮೇಲೆ."

ಆಕೆಗೂ ಭಯವಾಗುತ್ತದೆ ಎಂದು ನನಗೆ ಗೊತ್ತಾದದ್ದು ಆಗ. ನನ್ನ ಭಯ ಇಮ್ಮಡಿಯಾಯಿತು.

ಆಟೋ ಹಿಡಿದು ಹೋದೆವು. ಯಜಮಾನರು ಕಿರುಚಾಡಿದರು. "ಸೀಲ್ ಹಾಕಿದ್ದನ್ನ ಬಿಚ್ತೀರಾ? ಇವನನ್ನ ತರಕಾರಿ ಗಾಡಿಗೇ ವಾಪಸ್ ಕಳಿಸ್ರೀ!"

"ಕಳಿಸಿ ಸಾರ್. ಮೊದಲು ಬಿಚ್ಚಲಿ, ಆಮೇಲೆ ಕಳಿಸಿ" ಅಂದರು ಜಲಜಮ್ಮ. "ಎಲ್ಲೆಲ್ಲಿ ಕತ್ತರಿಸಿದಾನೆ ಅಂತ ಅವನಿಗೊಬ್ಬನಿಗೇ ಗೊತ್ತು."

ಬಿಚ್ಚಿದೆ. ಭೂತಗನ್ನಡಿ ಹಿಡಿದು ಒಂದೊಂದು ಬೆರಳಗಲ ಹುಡುಕಿದೆವು. ಕಸ ಜರಡಿ ಹಿಡಿದೆವು. ನನ್ನ ಅಂಗಿಯ ಮಡಿಕೆ, ತಲೆಕೂದಲು, ಚಪ್ಪಲಿಯ ತಳ ಎಲ್ಲಾ ಆಯಿತು. ಚೂರು ಸಿಗಲಿಲ್ಲ. ಡಬ್ಬಿಯೊಳಗೂ ಇಲ್ಲ, ಹೊರಗೂ ಇಲ್ಲ. ವ್ಯಾನು ಬಂದು ಹಾರ್ನ್ ಹೊಡೆಯಿತು. ಆಕೆ ಕೆಂಪು ಇಂಕಿನಲ್ಲಿ ತಮ್ಮ ಸ್ಟ್ಯಾಂಪನ್ನು ಅಡ್ಡ ಗೀಚಿ ಹಾಕಿದರು. ಹನ್ನೊಂದೇ ಡಬ್ಬಿ ಹೋದವು, ನಡೆದದ್ದನ್ನು ನಡೆದಂತೆ ಬರೆದ ಆಕೆಯ ಕಾಗದದ ಜೊತೆ.

ಮೂರು ವಾರ ಫೋನ್ ಬಡಿದುಕೊಂಡಾಗಲೆಲ್ಲ ಬೆಸುಗೆ ನಿಲ್ಲಿಸಿ ಕಿವಿಗೊಡುತ್ತಿದ್ದೆ. ಕೊನೆಗೆ ಉತ್ತರ ಬಂತು. ಹನ್ನೆರಡನೆಯದನ್ನು ಹೊಸದಾಗಿ ಮಾಡಿ ಕಳಿಸಿ, ಜೊತೆಗೆ ಇನ್ನೂ ಅರವತ್ತು. ನನ್ನನ್ನು ಗಾಡಿಗೆ ಕಳಿಸುವ ಮಾತು ಮತ್ತೆ ಬರಲಿಲ್ಲ.

ಆಮೇಲೆ ಕಂಪನಿ ಬೆಳೆದ ಪರಿ ನೋಡಿ ನಮಗೇ ನಂಬಿಕೆ ಬರುತ್ತಿರಲಿಲ್ಲ. ಮಹಡಿ ಹಿಡಿದರು, ಪಕ್ಕದ ಮನೆ ಹಿಡಿದರು, ಊರಾಚೆ ಶೆಡ್ಡು ಹಾಕಿದರು. ಆ ಪರದೇಶದ ಕಂಪನಿಯೇ ಅರ್ಧ ಪಾಲು ಕೊಂಡಿತು. ಜಲಜಮ್ಮ ರಿಟೈರಾದರು. ಗಾಜಿನ ದೊಡ್ಡ ಕಟ್ಟಡ ಎದ್ದಿತು, ಅಲ್ಲಿ ಹೊಸಬರಿಗೆ ಕಲಿಸುವ ಕೆಲಸ ನನ್ನದಾಯಿತು. ಹತ್ತನೇ ಕ್ಲಾಸೂ ಆಗದವನಿಗೆ ಆ ಕುರ್ಚಿ ಸಿಕ್ಕಿದ್ದು ಯಜಮಾನರ ಒಂದು ಮಾತಿನಿಂದ. ಇನ್ನೊಂದು ಮಾತಿನಿಂದ ಹೋಗಲೂಬಹುದಿತ್ತು.

ಕಟ್ಟಡದ ಉದ್ಘಾಟನೆಯ ದಿನ ಯಜಮಾನರು ಪರದೇಶದವರ ಮುಂದೆ ಆ ಹಳೇ ಕಥೆ ಹೇಳಿದರು. "ಕೊನೆಗೆ ಆ ಚೂರು ಸಿಕ್ಕಿದ್ದು ಯಾರ ಕಣ್ಣಿಗೆ ಗೊತ್ತಾ? ನಮ್ಮ ಲೋಕೇಶನ ಕಣ್ಣಿಗೆ! ಎದ್ದು ನಿಲ್ಲಪ್ಪಾ." ಚಪ್ಪಾಳೆ ಬಿತ್ತು. ನಾನು ಎದ್ದು ಕೈ ಮುಗಿದೆ. ಮೂರನೇ ಸಾಲಿನಲ್ಲಿ ಜಲಜಮ್ಮ ಕೂತಿದ್ದರು.

ಗೇಟಿನ ಹತ್ತಿರ ನನಗಾಗಿ ಕಾದಿದ್ದರು. "ಯಾವಾಗ ಸಿಕ್ತೋ ಅದು?"

"ಇಲ್ಲಮ್ಮ... ಯಜಮಾನ್ರು ಏನೋ ಮಾತಿಗೆ..."

"ನೀನು ಕೈ ಮುಗಿದ್ಯಲ್ಲ."

"ಹೆದರಿಕೆ ಆಯ್ತಮ್ಮ."

"ಆವತ್ತೂ ಹೆದರಿದ್ದೆ. ಹೆದರ್ಕೊಂಡೇ ಬಂದು ಹೇಳಿದೆ." ಆಟೋ ಹತ್ತಿ ಕೂತು ಸೆರಗು ಎಳೆದುಕೊಂಡರು. "ನನಗೆ ಇವತ್ತಿಗೂ ಭಯ ಹೋಗಿಲ್ಲ, ಎಲ್ಲಿ ಹೋಯ್ತೋ ಅಂತ. ಸಿಕ್ತು ಅಂದ್ಬಿಟ್ರೆ ನೀನು ಕಲಿಸೋ ಈ ಮಕ್ಕಳು ಯಾಕೋ ಹೆದರ್ತಾರೆ?"

ಆಕೆಯನ್ನು ನಾನು ಮತ್ತೆ ನೋಡಲಿಲ್ಲ. ಮುಂದಿನ ಬೇಸಿಗೆಯಲ್ಲಿ ಹೋಗಿಬಿಟ್ಟರು. ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ನಾಲ್ಕು ದಿನ ಕಳೆದಿತ್ತು.

ಅದರ ಮಾರನೇ ದಿನ ಹೊಸ ತಂಡದ ಮೊದಲ ಪಾಠ. ಕಂಪನಿಯ ಪುಸ್ತಕದಲ್ಲಿ ಆ ಕಥೆ ಯಜಮಾನರು ಹೇಳಿದ ಹಾಗೇ ಅಚ್ಚಾಗಿದೆ. ಯಜಮಾನರು ಬಾಗಿಲಲ್ಲೇ ನಿಂತು ಕೇಳುತ್ತಿದ್ದರು. ಪುಸ್ತಕ ಮುಚ್ಚಿ, "ಇಲ್ಲಿ ಬರೆದಿರೋದು ತಪ್ಪು. ಆ ಚೂರು ಸಿಗಲಿಲ್ಲ" ಅಂದೆ.

ಮುಂದಿನ ಬೆಂಚಿನ ಹುಡುಗಿ ಕೇಳಿದಳು, "ಮತ್ತೆ ಎಲ್ಲಿ ಹೋಯ್ತು ಸಾರ್?"

"ಗೊತ್ತಿಲ್ಲಮ್ಮ" ಅಂದೆ.

ಆ ಹುಡುಗಿ ಮೆಲ್ಲಗೆ ಬಗ್ಗಿ ತನ್ನ ಮೇಜಿನ ಕೆಳಗೆ ನೋಡಿದಳು.