ಉಳ್ಳಾಲದ ಕ್ಯಾಂಡಿಡೇಟ್

ಕಣ್ಣಿಗೆ ಔಷಧಿ ಬಿಟ್ಟು, ಅರ್ಧ ಗಂಟೆ ಕಣ್ಣು ಮುಚ್ಚಿ ಕೂತಿರಬೇಕೆಂದು ಹೇಳಿ ನರ್ಸ್ ಹೋದಳು. ಕೊಟ್ಟಾರದ ಕಣ್ಣಿನ ಕ್ಲಿನಿಕ್. ಏ.ಸಿ.ಯ ಚಳಿ, ಫಿನಾಯಿಲು, ಯಾರದೋ ಟಾಲ್ಕಮ್ ಪೌಡರು... ಕಣ್ಣು ಮುಚ್ಚಿದರೆ ಮೂಗು ಎಚ್ಚರಾಗುತ್ತದೆ. ಅಷ್ಟರಲ್ಲಿ ಪಕ್ಕದ ಕುರ್ಚಿಗೆ ಯಾರೋ ಬಂದು ಕೂತರು. ಕೂತದ್ದೇ ತಡ, ಆ ವಾಸನೆ. ಹೊಗೆಸೊಪ್ಪಿನ ಪುಡಿ, ನೀರಿನಲ್ಲಿ ನೆನೆದ ಬೀಡಿ ಎಲೆ. ಎಷ್ಟು ಸೋಪು ಹಾಕಿ ತಿಕ್ಕಿದರೂ ಉಗುರಿನ ಸಂದಿಯಲ್ಲಿ ಉಳಿದುಬಿಡುವ ವಾಸನೆ ಅದು. ನಾನು ಮುಖ ಆಚೆ ತಿರುಗಿಸಿದೆ. ವಾಸನೆಗಲ್ಲ. ವಾಸನೆಯ ಹಿಂದೆಯೇ ಬಂದು ನಿಂತ ನನ್ನದೇ ಮುಖ ನೋಡಿ.

ಹದಿನೈದು ವರ್ಷವಾದರೂ ಆಗಿರಬೇಕು. ಆಗಷ್ಟೇ ನಾನು ರಿಟೈರ್ ಆಗಿದ್ದೆ. ಮೂವತ್ತು ವರ್ಷಕ್ಕೂ ಮೇಲೆ ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಕಲಿಸಿದವಳು. ಮನೆಯಲ್ಲಿ ಸುಮ್ಮನೆ ಕೂರುವುದು ಹೇಗೆ? ನಾನು ಕಲಿತ ಕಾನ್ವೆಂಟಿನ ಹಳೆ ವಿದ್ಯಾರ್ಥಿನಿಯರ ಸಂಘಕ್ಕೆ ಸೆಕ್ರೆಟರಿಯಾದೆ. ನಮ್ಮ ಅಧ್ಯಕ್ಷೆ ಊರಿನ ದೊಡ್ಡ ಡಾಕ್ಟರೊಬ್ಬರ ಹೆಂಡತಿ. ಶಾಲೆಯಲ್ಲಿ ನನಗಿಂತ ಎರಡು ಕ್ಲಾಸು ಮುಂದಿದ್ದವಳು. ಆ ವಯಸ್ಸಿನಲ್ಲೂ ನನ್ನನ್ನು ಜೂನಿಯರ್ ಹಾಗೆಯೇ ನೋಡುತ್ತಿದ್ದಳು, ನಾನೂ ಹಾಗೆಯೇ ನಡೆದುಕೊಳ್ಳುತ್ತಿದ್ದೆ.

ಮದುವೆ, ಮಕ್ಕಳು ಎಂದು ಓದು ಬಿಟ್ಟ ಹೆಂಗಸರು ನಲವತ್ತರ ಹತ್ತಿರ ಬಂದು ಮತ್ತೆ ಕಾಲೇಜಿಗೆ ಸೇರಿದರೆ ಅವರಿಗೊಂದು ವಿದ್ಯಾರ್ಥಿವೇತನ: ಅದು ಸಂಘದ ಹೊಸ ಯೋಜನೆ. ‘ಸೆಕೆಂಡ್ ಇನ್ನಿಂಗ್ಸ್ ಗ್ರ್ಯಾಂಟ್’ ಎಂಬ ಹೆಸರು ಅಧ್ಯಕ್ಷೆಯದು. ನಿಯಮ ಬರೆದದ್ದು ನಾನು. ಎಲ್ಲಿಯದೋ ಒಂದು ಅರ್ಜಿ ನಮೂನೆ ನೋಡಿ, ಅದರ ಚಂದದ ಇಂಗ್ಲಿಷಿಗೆ ಮನಸೋತು, ಏಳನೆಯ ನಿಯಮವಾಗಿ ಒಂದು ವಾಕ್ಯ ಎತ್ತಿಕೊಂಡಿದ್ದೆ. ಗ್ರ್ಯಾಂಟ್ ಪಡೆಯುವವಳು ಬೇರೆ ಯಾವ ಆದಾಯದ ಕೆಲಸವನ್ನೂ ಮಾಡದೆ ಪೂರ್ತಿ ಮನಸ್ಸನ್ನು ಓದಿಗೇ ಕೊಡಬೇಕು ಎಂಬುದು ಅದರ ಅರ್ಥ. ಹಾಗಾದರೆ ಅವಳು ಊಟಕ್ಕೆ ಏನು ಮಾಡಬೇಕು ಎಂದು ನಮ್ಮಲ್ಲಿ ಒಬ್ಬಳೂ ಕೇಳಲಿಲ್ಲ. ಗ್ರ್ಯಾಂಟ್ ಕಾಲೇಜಿನ ಫೀಸಿಗೆ ಆಗುತ್ತಿತ್ತು. ಅಷ್ಟೇ ಆಗುತ್ತಿತ್ತು.

ಉಳ್ಳಾಲದಿಂದ ಬಂದವಳು ಅವಳೊಬ್ಬಳೇ. ನಾವು ಮೀಟಿಂಗಿನಲ್ಲಿ ‘ನಮ್ಮ ಉಳ್ಳಾಲದ ಕ್ಯಾಂಡಿಡೇಟ್’ ಎನ್ನುತ್ತಿದ್ದೆವು. ಮೂವತ್ತೊಂಬತ್ತು ವರ್ಷ. ಬ್ಯಾರಿ ಹೆಂಗಸು. ಗಂಡ ತೀರಿಕೊಂಡಿದ್ದ, ಒಬ್ಬಳು ಮಗಳು ಹೈಸ್ಕೂಲಿನಲ್ಲಿದ್ದಳು. ಮಗಳ ಪಾಠ ಕೇಳುತ್ತ ಕೇಳುತ್ತ ತಾನೇ ಎಸ್ಸೆಸೆಲ್ಸಿ ಕಟ್ಟಿ, ಪಿಯುಸಿ ಕಟ್ಟಿ, ಬಿ.ಎ.ಗೆ ಸೀಟು ಹಿಡಿದು ಬಂದಿದ್ದಳು. ಅವಳ ಅರ್ಜಿ ತುಂಬಿದ್ದು ನಾನೇ.

‘ಉದ್ಯೋಗ ಅಂತ ಕೇಳಿದ್ದಾರೆ. ಎಂತ ಬರೆಯುದು?’ ಎಂದೆ.

‘ಕೆಲಸ ಎಂತ ಇಲ್ಲ ಟೀಚರ್. ಮನೆಯಲ್ಲೇ.’

ಹೌಸ್‌ವೈಫ್ ಎಂದು ಬರೆದೆ. ಅವಳ ಕೈಯ ವಾಸನೆ ಮೇಜಿನ ಈಚೆಗೂ ಬರುತ್ತಿತ್ತು. ಬೀಡಿ ಕಟ್ಟುತ್ತಾಳೆಂದು ಗೊತ್ತಾಗದೆ ಇರಲು ನಾನೇನು ಹೊರಗಿನವಳೇ? ಆದರೆ ನಮ್ಮ ಕಡೆ ಬೀಡಿ ಕಟ್ಟುವುದನ್ನು ಯಾರು ಉದ್ಯೋಗವೆಂದು ಹೇಳುತ್ತಾರೆ? ತೆಂಗಿನ ಗರಿ ಸೀಳಿ ಗುಡಿಸುವ ಹಿಡಿಸೂಡಿ ಮಾಡಿದ ಹಾಗೆ, ಹಲಸಿನ ಬೀಜ ಸುಲಿದ ಹಾಗೆ, ಮನೆಯ ಹೆಂಗಸರು ಕೂತಲ್ಲಿ ಮಾಡುವಂಥದ್ದು. ಅವಳೂ ಹಾಗೆ ತಿಳಿದಿದ್ದಳು, ನಾನೂ.

ಗ್ರ್ಯಾಂಟ್ ಕೊಡುವ ದಿನ ಥರ್ಮೊಕೋಲಿನ ದೊಡ್ಡ ಚೆಕ್ಕು ಮಾಡಿಸಿದ್ದೆವು, ಆಳೆತ್ತರದ್ದು. ಅವಳ ಬುರ್ಖಾದ ಮೇಲೊಂದು ಶಾಲು ಹೊದಿಸಿ, ಚೆಕ್ಕಿನ ಒಂದು ತುದಿ ಅವಳ ಕೈಗೆ ಕೊಟ್ಟು ಫೋಟೋ ತೆಗೆದರು. ಫೋಟೋಗ್ರಾಫರ್ ‘ಸ್ವಲ್ಪ ನಗಿ’ ಎಂದ. ಅವಳು ನಿಜವಾಗಿ ನಗುತ್ತಿದ್ದಳು, ಅವನಿಗೆ ಸಾಲಲಿಲ್ಲ. ಅಧ್ಯಕ್ಷೆ ಕೈ ಕುಲುಕಿ, ‘ಹಾರ್ಡ್‌ವರ್ಕಿಂಗ್ ಹೆಂಗಸರೆಂದರೆ ನಮಗೆ ಭಾರಿ ಇಷ್ಟ’ ಎಂದು ಮೈಕಿನಲ್ಲಿ ಹೇಳಿ, ಕುರ್ಚಿಗೆ ಬಂದು ಕೂತು, ಮೇಜಿನ ಕೆಳಗೆ ವೆಟ್ ಟಿಶ್ಯೂ ತೆಗೆದು ಕೈ ಒರೆಸಿಕೊಂಡಳು. ಬೆರಳು ಬೆರಳಿನ ಸಂದಿಯನ್ನೂ ಒರೆಸಿದಳು. ಆಮೇಲೆ ನನಗೂ ಒಂದು ಟಿಶ್ಯೂ ಚಾಚಿದಳು. ನಾನು ತೆಗೆದುಕೊಂಡೆ... ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

ಎರಡು ವರ್ಷ ಅವಳು ಚೆನ್ನಾಗಿಯೇ ಓದಿದಳು. ಎರಡನೆಯ ವರ್ಷದ ಕೊನೆಗೆ ಹೋಮ್ ವಿಸಿಟ್ ಮಾಡುವ ಕ್ರಮವಿತ್ತು. ಕೊಟ್ಟ ದುಡ್ಡು ಎಲ್ಲಿ ಹೋಯಿತೆಂದು ನೋಡಿ ಬರುವುದಕ್ಕೆ ನಾವಿಟ್ಟ ಮರ್ಯಾದೆಯ ಹೆಸರು ಅದು. ನನ್ನ ಜೊತೆ ಬರಬೇಕಾದ ಮೆಂಬರಿಗೆ ಆ ದಿನ ಯಾವುದೋ ಮದುವೆ. ನಾನೊಬ್ಬಳೇ ಹೋದೆ.

ಸಣ್ಣ ಮನೆ, ಕಡ್ಡಿಯಷ್ಟೂ ಕಸವಿಲ್ಲದ ಅಂಗಳ. ಸೀಯಾಳ ಕೆತ್ತಿ ಕೊಟ್ಟಳು. ಜಗಲಿಯಲ್ಲಿ ಬೀಡಿಯ ಗೆರಸೆ, ಅದರಲ್ಲಿ ಎಲೆ, ಪುಡಿ, ನೂಲು, ಕತ್ತರಿ. ಗೆರಸೆಯ ಅಂಚಿಗೆ ಒರಗಿಸಿಟ್ಟ ಹಿಸ್ಟರಿ ಪುಸ್ತಕ, ಪುಟ ತೆರೆದಿತ್ತು. ಗೆರಸೆಯನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಎರಡು ಬೀಡಿ ಕಟ್ಟಿ ತೋರಿಸಿದಳು. ಎಲೆಯನ್ನು ಸುರುಳಿ ಸುತ್ತಿ, ಬಾಯಿ ಮಡಚಿ, ನೂಲು ಬಿಗಿಯುವುದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿತ್ತು. ನಾನು ‘ವಂಡರ್‌ಫುಲ್’ ಎಂದೆ. ಅವಳು ನಾಚಿಕೊಂಡಳು.

ಮನೆಗೆ ಬಂದು ರಿಪೋರ್ಟ್ ಬರೆದೆ. ಎರಡು ಸಾಲಿನಲ್ಲಿ ಮುಗಿಸಬಹುದಿತ್ತು. ನನಗೆ ಇಂಗ್ಲಿಷಿನ ಚಪಲ. ನಾಟಕದ ರಾಣಿಯನ್ನು ಸ್ಟೇಜಿಗೆ ತಂದ ಹಾಗೆ ಅವಳನ್ನು ತಂದೆ. ಅವಳ ಬೆರಳುಗಳು ಒಂದು ಕ್ಷಣವೂ ನಿಲ್ಲುವುದಿಲ್ಲ, ಅವಳ ಕಣ್ಣುಗಳು ಪುಸ್ತಕ ಬಿಟ್ಟು ಏಳುವುದಿಲ್ಲ, ಒಂದೇ ಮಡಿಲಲ್ಲಿ ಅನ್ನವೂ ಅಕ್ಷರವೂ... ಹೀಗೆ ಒಂದು ಪುಟ. ಬರೆದು ನಾನೇ ಗಟ್ಟಿಯಾಗಿ ಓದಿಕೊಂಡೆ. ನಮ್ಮ ಹಳೆಯ ಸಿಸ್ಟರ್ ಇದ್ದಿದ್ದರೆ ಮಾರ್ಜಿನ್ನಿನಲ್ಲಿ ಸ್ಟಾರ್ ಹಾಕುತ್ತಿದ್ದರು ಎಂದು ಕೂಡ ಅಂದುಕೊಂಡೆ. ಆ ಹೆಮ್ಮೆ ನೆನೆದರೆ ಈಗ ಉಗಿಯಬೇಕೆನಿಸುತ್ತದೆ.

ಮೀಟಿಂಗಿನಲ್ಲಿ ಚಿಕನ್ ಪಫ್ ಇತ್ತು. ಅಧ್ಯಕ್ಷೆ ಬಾಯಲ್ಲಿ ಪಫ್ ಇಟ್ಟುಕೊಂಡೇ ನನ್ನ ರಿಪೋರ್ಟ್ ಓದಿದಳು. ಪುಟದ ಮೇಲೆ ಹುಡಿ ಉದುರುತ್ತಿತ್ತು. ಮೊದಲು ‘ಬ್ಯೂಟಿಫುಲಿ ರಿಟನ್’ ಎಂದಳು. ಆಮೇಲೆ ಕನ್ನಡಕ ತೆಗೆದಳು.

‘ಹಾಗಾದ್ರೆ ಇವಳಿಗೆ ಕೆಲಸ ಉಂಟಲ್ಲ? ಅರ್ಜಿಯಲ್ಲಿ ಹೌಸ್‌ವೈಫ್ ಅಂತ ಉಂಟು. ರೂಲ್ ಸೆವೆನ್ ಮತ್ತೆ ಎಂತಕ್ಕೆ ಮಾರಾಯ್ತಿ?’

ಅದು ಕೆಲಸವಲ್ಲ, ಎಲ್ಲರೂ ಮನೆಯಲ್ಲಿ ಕಟ್ಟುವುದೇ ಎಂದು ಹೇಳಲು ಹೊರಟೆ. ‘ಪಾಸ್‌ಬುಕ್ ಉಂಟಾ ಅವಳಿಗೆ? ಪಿ.ಎಫ್. ಕಟ್ ಆಗ್ತದಾ?’ ಎಂದು ಅಧ್ಯಕ್ಷೆ ಕೇಳಿದಳು. ಹೌದೆಂದು ತಲೆಯಾಡಿಸಿದೆ. ‘ಹಾಗಾದ್ರೆ ಅದು ಎಂಪ್ಲಾಯ್‌ಮೆಂಟ್’ ಎಂದಳು. ಅವಳ ಗಂಡನ ಆಸ್ಪತ್ರೆಯಲ್ಲಿ ನೂರು ಜನ ಕೆಲಸಕ್ಕಿದ್ದರು. ಇಂಥದ್ದು ಅವಳಿಗೆ ಗೊತ್ತು. ಇನ್ನೊಬ್ಬಳು, ಒಂದು ಕಣ್ಣು ಪುಸ್ತಕದಲ್ಲಿ ಒಂದು ಕಣ್ಣು ಬೀಡಿಯಲ್ಲಿ ಇಟ್ಟವಳದ್ದು ಎಂಥ ಓದು ಎಂದು ನಕ್ಕಳು. ನನ್ನ ವಾಕ್ಯವನ್ನೇ ತಿರುಗಿಸಿ ನನಗೆ ಕೊಟ್ಟಳು. ಕೈ ಎತ್ತಿ ಎಂದಾಗ ಎಲ್ಲರೂ ಎತ್ತಿದರು. ನನ್ನದೂ ಎದ್ದಿತು. ಆಮೇಲೆ ಪೇಸ್ಟ್ರಿ ಬಂತು, ತಿಂದೆವು. ಹೋಮ್ ವಿಸಿಟ್ ರಿಪೋರ್ಟಿನ ಮೇಲೆ ಕೊನೆಯ ವರ್ಷದ ಗ್ರ್ಯಾಂಟ್ ನಿಲ್ಲಿಸಲಾಗಿದೆ ಎಂಬ ಪತ್ರ ಬರೆಯುವುದು ಸೆಕ್ರೆಟರಿಯ ಕೆಲಸ. ‘ರಿಗ್ರೆಟ್’ ಎಂಬ ಪದವನ್ನು ಎರಡು ಸಲ ಹಾಕಿದೆ.

ನಾಲ್ಕು ದಿನ ಬಿಟ್ಟು ಅವಳು ನನ್ನ ಮನೆಗೆ ಬಂದಳು. ಹನ್ನೊಂದು ಗಂಟೆಯ ಬಿಸಿಲು. ಗೇಟಿನ ಹೊರಗೇ ನಿಂತಿದ್ದಳು, ನಾನು ಕರೆಯುವವರೆಗೆ. ಅಳಲಿಲ್ಲ, ಬೇಡಲೂ ಇಲ್ಲ. ಎರಡನೆಯ ವರ್ಷದ ಮಾರ್ಕ್ಸ್‌ಕಾರ್ಡ್ ತಂದಿದ್ದಳು. ಫಸ್ಟ್ ಕ್ಲಾಸ್.

‘ನೀವು ಬರೆದದ್ದು ಒಮ್ಮೆ ನೋಡ್ಬಹುದಾ ಟೀಚರ್?’ ಎಂದು ಕೇಳಿದಳು.

ತನ್ನ ಬಗ್ಗೆ ಬರೆದದ್ದನ್ನು ತಾನು ನೋಡಿರಲಿಲ್ಲ, ಅಷ್ಟೇ. ಫೈಲಿನಿಂದ ತೆಗೆದು ಕೊಟ್ಟೆ. ಸೋಫಾದ ತುದಿಯಲ್ಲಿ ಕೂತು, ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು, ತುಟಿ ಅಲುಗಿಸುತ್ತ ಇಡೀ ಪುಟ ಓದಿದಳು. ಒಂದು ಪದದ ಅರ್ಥ ಕೇಳಿದಳು. ಹೇಳಿದೆ.

‘ಚಂದ ಉಂಟು ಟೀಚರ್. ಆದ್ರೆ ಇದು ಸರಿಯಲ್ಲ.’

‘ಯಾವುದು?’

‘ಬೀಡಿ ಕಟ್ಟುವಾಗ ಓದ್ಲಿಕ್ಕೆ ಆಗುದಿಲ್ಲ. ಕಣ್ಣು ಆಚೆ ಹೋದ್ರೆ ಎಲೆ ಹರಿತದೆ. ಹರಿದ್ರೆ ಬೀಡಿ ಕಂಪನಿಯ ಬ್ರಾಂಚಿನಲ್ಲಿ ಬೀಡಿ ತೆಗೆದುಕೊಳ್ಳುವವರು ತೆಗೆದು ಬಿಸಾಡ್ತಾರೆ. ನಾನು ಓದುದು ಬಸ್ಸಿನಲ್ಲಿ, ಮತ್ತೆ ಬೆಳಿಗ್ಗೆ ಮಸೀದಿಯ ಬಾಂಗ್ ಆದ ಮೇಲೆ. ಓದುವಾಗ ಓದುದು ಮಾತ್ರ.’ ತಲೆ ತಗ್ಗಿಸಿ ಹೇಳಿದಳು: ‘ಆ ಪುಸ್ತಕ ನೀವು ಬರ್ತೀರಿ ಅಂತ ಇಟ್ಟದ್ದು. ಮೇಡಂ ಆವತ್ತು ಮೈಕಿನಲ್ಲಿ ಹೇಳಿದ್ರಲ್ಲ, ಹಾರ್ಡ್‌ವರ್ಕಿಂಗ್ ಆದ್ರೆ ಇಷ್ಟ ಅಂತ... ಎರಡೂ ಒಟ್ಟಿಗೆ ಕಂಡ್ರೆ ನಿಮಗೆ ಖುಷಿ ಆಗ್ಬಹುದು ಅಂತ ಮಾಡಿದೆ.’

ನಮ್ಮನ್ನು ಮೆಚ್ಚಿಸಲು ಅವಳು ಪುಸ್ತಕ ಇಟ್ಟಳು. ಅದೇ ಹೆಂಗಸರನ್ನು ಮೆಚ್ಚಿಸಲು ನಾನು ಪುಟ ಬರೆದೆ. ಕಣ್ಣೆದುರು ಇದ್ದದ್ದನ್ನು ನಾನು ಏನೂ ನೋಡಿರಲಿಲ್ಲ. ಬೀಡಿ ಬಿಡಲಿಕ್ಕಾಗುವುದಿಲ್ಲವೇ ಎಂದು ಕೇಳಿದೆ. ಅದನ್ನೂ ಕೇಳಿದೆ ನಾನು. ಕಾರ್ಡು ಹೋಗುತ್ತದೆ ಎಂದಳು. ಮಗಳ ಸ್ಕಾಲರ್‌ಶಿಪ್ ಅಮ್ಮನ ಬೀಡಿ ಕಾರ್ಡಿನ ಮೇಲೆ ಬರುತ್ತಿತ್ತು. ಕೆಲವು ವಾರ ಬೀಡಿ ಕೊಡದಿದ್ದರೆ ಬ್ರಾಂಚಿನವರು ಹೆಸರು ಹೊಡೆದು ಹಾಕುತ್ತಿದ್ದರು. ತಾನು ಓದಲು ಬೀಡಿ ಬಿಟ್ಟರೆ ಮಗಳ ಓದು ನಿಲ್ಲುತ್ತಿತ್ತು.

‘ಓದುವಾಗ ಬೇರೆ ಕೆಲಸ ಮಾಡುದಿಲ್ಲ, ರಿಪೋರ್ಟಿನಲ್ಲಿ ಬರೆದದ್ದು ತಪ್ಪು, ಅಂತ ಒಂದು ಕಾಗದ ಬರೆದು ಕೊಡ್ತೀರಾ ಟೀಚರ್? ಮತ್ತೆ ಅವರು ಕೊಡ್ಲಿ, ಬಿಡ್ಲಿ.’

ನಾಲ್ಕು ಸಾಲಿನ ಕಾಗದ. ಆದರೆ ನನ್ನ ರಿಪೋರ್ಟ್ ಸುಳ್ಳು ಎಂದು ನನ್ನದೇ ಕೈಯಲ್ಲಿ ಬರೆದು ಆ ಅಧ್ಯಕ್ಷೆಯ ಮುಂದೆ ಇಡಬೇಕಿತ್ತು. ಪಫ್ ತಿನ್ನುತ್ತ ಅವಳು ಅದನ್ನು ಓದುವುದು ಕಣ್ಣಿಗೆ ಕಟ್ಟಿತು. ನಾನು ‘ನೋಡುವಾ’ ಎಂದೆ.

ನಮ್ಮ ಊರಿನಲ್ಲಿ ‘ನೋಡುವಾ’ ಎಂದರೆ ಏನೆಂದು ನಮಗೆಲ್ಲ ಗೊತ್ತು. ಅವಳಿಗೂ ಗೊತ್ತಿತ್ತು. ‘ಆಯ್ತು ಟೀಚರ್’ ಎಂದು ಮಾರ್ಕ್ಸ್‌ಕಾರ್ಡನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಕವರಿನ ಬಾಯಿ ಮಡಚಿ, ಎದ್ದಳು. ನಾನು ಕಾಗದ ಬರೆಯಲಿಲ್ಲ. ಆಮೇಲೆ ಎರಡು ವರ್ಷ ಅದೇ ಸಂಘದ ಸೆಕ್ರೆಟರಿಯಾಗಿ ಮುಂದುವರಿದೆ. ನನ್ನ ಕೈಯಲ್ಲಿಯೂ ದುಡ್ಡಿತ್ತು, ಪೆನ್ಷನ್ ಬರುತ್ತಿತ್ತು, ಒಂದು ವರ್ಷದ ಫೀಸನ್ನು ನಾನೇ ಕಟ್ಟಬಹುದಿತ್ತು ಎನ್ನುವುದು ಹೊಳೆಯಲೇ ಇಲ್ಲ ಎಂದು ಎಷ್ಟೋ ಕಾಲ ಸುಳ್ಳು ಹೇಳಿಕೊಂಡಿದ್ದೇನೆ. ಹೊಳೆದಿತ್ತು.

ಕ್ಲಿನಿಕ್ಕಿನಲ್ಲಿ ಪಕ್ಕದವರನ್ನು ಒಳಗೆ ಕರೆದರು. ನಾನು ಕಣ್ಣು ಬಿಟ್ಟರೂ ಮಂಜು ಮಂಜು, ಯಾರೆಂದು ಕಾಣಲಿಲ್ಲ. ಯಾರಾದರೂ ಆಗಿರಬಹುದು. ಆದರೆ ಕಣ್ಣು ಸರಿಯಾದ ಮೇಲೆ ಈ ವಾರ ರಿಕ್ಷಾ ಮಾಡಿಕೊಂಡು ಉಳ್ಳಾಲಕ್ಕೆ ಹೋದೆ. ಆ ಮನೆಯ ಜಾಗದಲ್ಲಿ ತಾರಸಿ ಮನೆ. ಪಕ್ಕದ ಮನೆಯ ಹೆಂಗಸು ಅಂಗಳದಲ್ಲಿ ಬೂತಾಯಿ ಮೀನಿನ ಹುರುಪೆ ಸವರುತ್ತಿದ್ದಳು. ಕೇಳಿದೆ.

‘ಓ, ಅವರಾ? ಅವರು ತೀರಿಹೋಗಿ ಎರಡು ವರ್ಷ ಆಯ್ತಲ್ಲ. ಮಗಳು ಸುರತ್ಕಲ್‌ನಲ್ಲಿ ಟೀಚರ್ ಆಗಿದ್ದಾಳೆ, ಮನೆ ಮಾರಿದ್ಲು.’

‘ಅವರು ಕಾಲೇಜಿಗೆ ಹೋಗ್ತಿದ್ರು...’ ಎಂದೆ.

‘ಹೌದೌದು. ಫೇಲಾಗಿ ಬಿಟ್ಟದ್ದಂತೆ. ಅವರೇ ಹೇಳಿ ನಗ್ತಿದ್ರು, ಮುದುಕಿಗೆ ಎಲ್ಲಿ ತಲೆಗೆ ಹೋಗ್ತದೆ ಅಂತ.’

ಫೇಲಾದೆ ಎಂದಳಂತೆ. ಫಸ್ಟ್ ಕ್ಲಾಸಿನ ಕಾರ್ಡು ನಾನು ಕಂಡಿದ್ದೆ. ಬೇರೆಯವರು ಕೊಟ್ಟು ಕಿತ್ತುಕೊಂಡರು ಎನ್ನುವುದಕ್ಕಿಂತ ತಾನೇ ದಡ್ಡಿ ಎನ್ನುವುದು ಅವಳಿಗೆ ಹಗುರವಾಗಿ ಕಂಡಿರಬೇಕು.

‘ಫೇಲಾದದ್ದಲ್ಲ’ ಎಂದೆ. ‘ನಾವು ನಿಲ್ಲಿಸಿದ್ದು. ಸ್ಕಾಲರ್‌ಶಿಪ್ ಕೊಡ್ತಿದ್ದವರು ನಾವು.’

ಅವಳು ಮೀನು ಬಿಟ್ಟು ನನ್ನನ್ನು ನೋಡಿದಳು. ‘ನೀವಾ? ಎಂತಕ್ಕೆ ನಿಲ್ಲಿಸಿದ್ದು?’

‘ಅವರು ಬೀಡಿ ಕಟ್ಟುತ್ತಿದ್ದರು ಅಂತ.’

ಅವಳಿಗೆ ನಗು ಬಂತು. ಮೀನಿನ ಕೈ ಮುಖಕ್ಕೆ ತಾಗದಂತೆ ಮೊಣಕೈಯಿಂದ ಬಾಯಿ ಮುಚ್ಚಿಕೊಂಡು, ಮೈಯೆಲ್ಲ ಅಲುಗಿಸಿ ನಕ್ಕಳು. ನಾನು ತಮಾಷೆ ಮಾಡುತ್ತಿದ್ದೇನೆ ಎಂದೇ ತಿಳಿದಿದ್ದಳು. ನಕ್ಕು ನಕ್ಕು ತೋಳಿನಿಂದ ಕಣ್ಣು ಒರೆಸಿಕೊಂಡು, ಈ ಅಮ್ಮ ಇನ್ನೂ ಯಾಕೆ ನಗುತ್ತಿಲ್ಲ ಎಂದು ನನ್ನ ಮುಖವನ್ನೇ ನೋಡುತ್ತ ಕಾದಳು.